ನೂಲು ಕಡಿಯುವ ಹಲ್ಲು

ಸಾದಲಿಯ ಗಂಗುಲಮ್ಮನ ಮುಂದಿನ ಹಲ್ಲು ಹೋದದ್ದು ಸೀಮೆಹಸುವಿನ ದೆಸೆಯಿಂದ. ಬೂಸಾ ಇಡಲು ಬಾಗಿದ್ದಳು, ಹಸು ನೊಣ ಓಡಿಸಲು ತಲೆ ಕೊಡವಿತು, ಅದರ ನೆತ್ತಿ ಬಂದು ಇವಳ ಬಾಯಿಗೆ ಬಡಿಯಿತು. ಹಸುವಿನ ತಪ್ಪೂ ಇಲ್ಲ, ಇವಳ ತಪ್ಪೂ ಇಲ್ಲ. ಮೇಲಿನ ಸಾಲಿನ ನಟ್ಟನಡುವಿನ ಹಲ್ಲು ಬೇರಿನ ಹತ್ತಿರ ಮುರಿದುಹೋಯಿತು. ಉಳಿದ ಚೂರನ್ನೂ ಕಿತ್ತು ತೆಗೆಸಬೇಕಾಯಿತು.

ಐವತ್ತು ದಾಟಿದ ಹೆಂಗಸಿಗೆ ಒಂದು ಹಲ್ಲು ಹೋದರೆ ಊರೇನೂ ಮುಳುಗುವುದಿಲ್ಲ ನಿಜ. ಆದರೆ ಗಂಗುಲಮ್ಮನ ನಗೆ ಅಂಥಿಂಥದಲ್ಲ. ಶಿಡ್ಲಘಟ್ಟದ ಹೊರಗೆ ಒಂದು ಫಿಲೇಚರ್ ಇದೆ, ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ. ಮದುವೆಯಾಗಿ ಬಂದ ಹೊಸದರಿಂದಲೂ ಅವಳು ಅಲ್ಲೇ ಕೆಲಸಕ್ಕಿದ್ದಾಳೆ. ರಾಟೆಗಳ ಸದ್ದಿನಲ್ಲಿ ಪಕ್ಕದವರ ಕೂಗು ಕೇಳಿಸದ ಜಾಗದಲ್ಲೂ ಅವಳ ನಗೆ ಮಾತ್ರ ಬಿಸಿನೀರಿನ ಬೇಸಿನ್‌ಗಳ ಸಾಲಿನ ತನಕ ಹೋಗಿ ಬರುತ್ತಿತ್ತು. ಹಲ್ಲು ಹೋದಮೇಲೆ ನಗೆ ಬಂದಾಗಲೆಲ್ಲ ಸೆರಗು ಬಾಯಿಗೆ ಹೋಗತೊಡಗಿತು. ಅದು ಅವಳಿಗೆ ಸೇರಲಿಲ್ಲ. ಮುದ್ದೆ ನುಂಗುವವರಿಗೆ ಹಲ್ಲು ಯಾಕೆ ಎಂದು ಗಂಡ ವೆಂಕಟರಾಮಪ್ಪ ಕೇಳಿದ್ದಕ್ಕೆ, "ಬಾಯಿ ಮುಚ್ಕೊಂಡು ನಗೋಕೆ ನಾನೇನು ಯಾರ ಮನೆಗಾದ್ರೂ ಕನ್ನ ಹಾಕಿದೀನಾ?" ಎಂದಳು.

ಮೊದಲು ತೆಗೆದು ಹಾಕುವ ಹಲ್ಲನ್ನು ಕಟ್ಟಿಸಿಕೊಂಡಳು. ಅದು ಒಂದು ದಿನ ನಗುವಾಗ ಜಾರಿ ಗೂಡಿನ ಬುಟ್ಟಿಗೆ ಬಿದ್ದು, ಪಕ್ಕದ ಚಿಕ್ಕಮುನಿಯಮ್ಮ ಗೂಡುಗಳ ನಡುವೆ ಹುಡುಕಿ ಎತ್ತಿಕೊಟ್ಟಳು. ಚಿಕ್ಕಮುನಿಯಮ್ಮ ಚಿಂತಾಮಣಿ ಕಡೆಯವಳು. ಅರ್ಧ ಕನ್ನಡ, ಅರ್ಧ ತೆಲುಗು, ನಾಲಿಗೆ ಮಾತ್ರ ಪೂರ್ತಿ ಮೊನಚು. ಈ ಗೂಡಿನೊಳಗೆ ಹುಳುವಿಗೂ ಹಲ್ಲು ಬಂದಿದೆ ಎಂದು ಅವಳು ಕಾರ್ಖಾನೆಗೆಲ್ಲ ಸಾರಿದಳು. ಅವತ್ತೇ ಗಂಗುಲಮ್ಮ ತೀರ್ಮಾನ ಮಾಡಿದ್ದು, ಇನ್ನು ಹಾಕಿಸಿದರೆ ಬಿದ್ದುಹೋಗದ ಹಲ್ಲನ್ನೇ ಹಾಕಿಸಬೇಕು ಅಂತ. ಸಾಕಿದ್ದ ಕುರಿಗಳು ಸಂತೆಗೆ ಹೋದವು, ಗಂಗುಲಮ್ಮ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಅಲ್ಲಿ ಹಲ್ಲಿನ ಡಾಕ್ಟರು ಯಶೋಧರಾ ಎಂಬ ಹೆಣ್ಣುಮಗಳು. ಗೌರಿಬಿದನೂರಿನವಳು, ಚಿಕ್ಕ ವಯಸ್ಸು, ನಿಧಾನದ ಮಾತು. ಅವಳು ಒಂದು ಮಾದರಿಯನ್ನು ಕೈಗೆ ಕೊಟ್ಟು ತೋರಿಸಿದಳು. ಕೆಳಗಿನದು ಬೇರು, ದವಡೆಯ ಮೂಳೆಗೆ ಇಳಿಸುವ ಲೋಹದ ತಿರುಪು. ಅದರ ಮೇಲೆ ಒಂದು ಪುಟ್ಟ ಗೂಟ ಕೂರುತ್ತದೆ. ಗೂಟದ ಮೇಲಿರುವುದೇ ನಮಗೆ ಕಾಣುವ ಹಲ್ಲು. ಬೇರಿಗೂ ಗೂಟಕ್ಕೂ ನಡುವೆ ಅಕ್ಕಿಕಾಳಿಗಿಂತ ಸಣ್ಣದೊಂದು ಸ್ಕ್ರೂ ಇದೆ, ಎರಡನ್ನೂ ಒಂದು ಮಾಡಿ ಹಿಡಿಯುವುದು ಅದೊಂದೇ. ಬೇರನ್ನು ಮೂಳೆ ಕಚ್ಚಿ ಹಿಡಿಯಲು ತಿಂಗಳುಗಟ್ಟಲೆ ಬೇಕು, ಆಮೇಲೆ ಹಲ್ಲು ಎಂದಳು. ಗಂಗುಲಮ್ಮ ಕಾದಳು. ಹಲ್ಲು ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದವರ ಮಾತಿಗೂ ನಕ್ಕಳು. ಇಂಪ್ಲಾಂಟ್ ಎಂಬ ಹೆಸರು ಬಾಯಲ್ಲಿ ತಿರುಗದೆ ಅದನ್ನು ಬೋಲ್ಟು ಹಲ್ಲು ಎಂದು ಕರೆದಳು, ಸಾದಲಿಯಲ್ಲೂ ಅದೇ ಹೆಸರು ನಿಂತಿತು.

ಮಾವಿನ ಹೂವು ಬಿಡುವ ಕಾಲಕ್ಕೆ ಹಲ್ಲು ಅಲುಗಾಡತೊಡಗಿತು.

ನೋವಿಲ್ಲ, ರಕ್ತವಿಲ್ಲ. ನಾಲಿಗೆ ತಾಗಿಸಿದರೆ ಕುರ್ಚಿಯ ಸಡಿಲ ಕಾಲಿನಂತೆ ಒಂದಿಷ್ಟು ಕದಲುತ್ತಿತ್ತು. ಯಶೋಧರಾ ಎಕ್ಸ್‌ರೇ ಫೋಟೋ ತೆಗೆದು ನೋಡಿ, ಬೇರು ಕಲ್ಲಿನ ಹಾಗೆ ಕೂತಿದೆ, ಸಡಿಲವಾಗಿರುವುದು ಒಳಗಿನ ಸ್ಕ್ರೂ ಮಾತ್ರ ಎಂದಳು. ಹಲ್ಲಿನ ಹಿಂಬದಿಯ ತೂತನ್ನು ಬಿಡಿಸಿ ಬೇರೆ ಸ್ಕ್ರೂ ಹಾಕಿದಳು, ಇಷ್ಟೇ ಬಿಗಿ ಎಂದು ಗುರುತಿರುವ ಪುಟ್ಟ ಸ್ಪ್ಯಾನರಿನಿಂದ ತಿರುಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಬಿಗಿ ಮಾಡಿದಳು. ಗಟ್ಟಿ ವಸ್ತು ಏನಾದರೂ ಕಡಿಯುತ್ತೀರಾ ಎಂದು ಕೇಳಿದಳು. ಇಲ್ಲ ಎಂದಳು ಗಂಗುಲಮ್ಮ. ಕಬ್ಬು? ಇಲ್ಲ. ಚಕ್ಕುಲಿ, ಮೂಳೆ, ಹುರಿಗಡಲೆ? ಇಲ್ಲ, ಇಲ್ಲ, ಇಲ್ಲ. ದಿನಕ್ಕೆರಡು ಹೊತ್ತು ಮುದ್ದೆ ಸಾರು, ಮುದ್ದೆಯನ್ನು ನಮ್ಮ ಕಡೆ ಯಾರೂ ಅಗಿಯುವುದಿಲ್ಲ.

ರಾಗಿ ಪೈರು ತೆನೆಗೆ ಬರುವ ಹೊತ್ತಿಗೆ ಹಲ್ಲು ಮತ್ತೆ ಅಲುಗಾಡಿತು.

ಈ ಸಲ ಡಾಕ್ಟರ ಮುಖದಲ್ಲಿ ಅನುಮಾನ ಕಾಣಿಸಿತು. ಗಂಗುಲಮ್ಮನಿಗೂ ಒಳಗೊಳಗೇ ಅನುಮಾನ, ಈ ಹುಡುಗಿಗೆ ಸ್ಕ್ರೂ ಬಿಗಿಯಲು ಬರುವುದಿಲ್ಲವೇನೋ ಅಂತ. ಮನೆಯಲ್ಲಿ ವೆಂಕಟರಾಮಪ್ಪ ಬೇರೆ, ಕದ್ದು ಮೆಕ್ಕೆಜೋಳದ ತೆನೆ ಕಡಿದಿರುತ್ತೀಯ, ಒಪ್ಪಿಕೋ ಎಂದು ಕಾಡಿದ್ದ. ಯಶೋಧರಾ ಸ್ಕ್ರೂ ಬದಲಿಸಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಕಡ್ಡಿ ಮುರಿದ ಹಾಗೆ ಹೇಳಿದಳು. ಇನ್ನೂ ಬಿಗಿಯಾಗಿ ತಿರುಗಿಸಿದರೆ ಸ್ಕ್ರೂ ಅಲ್ಲೇ ತುಂಡಾಗುತ್ತದೆ, ಅದಕ್ಕೆ ಅದರದೇ ಮಿತಿ ಇದೆ. ಸಡಿಲವಾದದ್ದನ್ನು ಹಾಗೇ ಬಿಟ್ಟುಕೊಂಡು ಓಡಾಡಿದರೆ ಒಂದು ದಿನ ಅದು ಬೇರಿನೊಳಗೇ ಮುರಿಯಬಹುದು. ಮುರಿದ ಚೂರು ಬರದಿದ್ದರೆ ಬೇರನ್ನೇ ಕೊರೆದು ತೆಗೆಯಬೇಕು. ಅಲ್ಲಿ ನಿಮ್ಮ ಮೂಳೆ ತೆಳು, ಇನ್ನೊಂದು ಬೇರು ಹಿಡಿಯುತ್ತದೆ ಎಂದು ನಾನು ಮಾತು ಕೊಡಲಾರೆ.

ಹೊರಡುವ ಮುಂಚೆ, ಹಲ್ಲಿನ ಸುತ್ತ ಕೊಳೆ ಕೂರಬಾರದು ಎಂದು ಸಂದಿ ಉಜ್ಜುವ ದಾರವನ್ನು ಡಬ್ಬಿಯಿಂದ ಎಳೆದು ಯಶೋಧರಾ ಅವಳ ಕೈಗೆ ಕೊಟ್ಟಳು. ಎರಡೂ ಕೈಯ ಬೆರಳಿಗೆ ಸುತ್ತಿಕೊಳ್ಳಬೇಕು, ಹೀಗೆ ಎಂದು ತೋರಿಸಿದಳು. ದಾರ ಚೋಟುದ್ದ ಸಾಲದಾಯಿತು. ಕೊಡಿ ಇಲ್ಲಿ ಎಂದ ಗಂಗುಲಮ್ಮ ಡಬ್ಬಿಯಿಂದ ಇನ್ನೊಂದು ತುಂಡು ಎಳೆದಳು, ತುದಿಗೆ ತುದಿ ಸೇರಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕಿದಳು, ಗಂಟನ್ನು ಬಾಯಿಗೆ ಒಯ್ದಳು. ಕಟ್. ದಾರವನ್ನು ಬೆರಳಿಗೆ ಸುತ್ತಿಕೊಂಡು, ಈಗ ಸರಿಹೋಯಿತಲ್ಲ ಎಂಬಂತೆ ಡಾಕ್ಟರ ಕಡೆ ನೋಡಿದಳು.

ಯಶೋಧರಾ ಬಿಟ್ಟ ಕಣ್ಣು ಬಿಟ್ಟಂತೆ ಇದ್ದಳು. "ಅಮ್ಮಾ, ಈಗ ಏನು ಮಾಡಿದ್ರಿ?"

"ದಾರ ಸೇರಿಸ್ದೆ ತಾಯಿ."

"ಆಮೇಲೆ?"

"ಆಮೇಲೇನಿಲ್ಲ, ಅಷ್ಟೇ."

"ಇನ್ನೊಂದ್ಸಲ ಮಾಡಿ. ನಿಧಾನಕ್ಕೆ."

ಗಂಗುಲಮ್ಮ ನಿಧಾನವಾಗಿ ಗಂಟು ಹಾಕಿದಳು. ಕೈ ತನ್ನಷ್ಟಕ್ಕೆ ಮೇಲೆ ಹೋಯಿತು. ಕೆಳದವಡೆ ಮುಂದೆ ಬಂತು, ಒಂದಿಷ್ಟು ಬಲಕ್ಕೆ ಸರಿಯಿತು, ಕೆಳಹಲ್ಲಿನ ಅಂಚು ಬೋಲ್ಟು ಹಲ್ಲಿನ ಅಂಚಿಗೆ ಬಂದು ನಿಂತಿತು. ಅಲ್ಲೇ ಅವಳಿಗೆ ತನ್ನ ಕೈ ಎಲ್ಲಿದೆ ಎಂಬುದು ಕಂಡಿತು. ದಾರ ತುಟಿಯಲ್ಲಿದ್ದ ಹಾಗೇ ಕೂತುಬಿಟ್ಟಳು.

ಫಿಲೇಚರ್‌ನಲ್ಲಿ ಅವಳದು ಮರುಸುತ್ತಿನ ಕೆಲಸ. ಬೇಸಿನ್ನಿನಲ್ಲಿ ತೆಗೆದ ನೂಲನ್ನು ದೊಡ್ಡ ರಾಟೆಗಳಿಗೆ ಮತ್ತೆ ಸುತ್ತಿ ಲಡಿ, ಅಂದರೆ ನೂಲಿನ ಕಟ್ಟು, ಮಾಡುವುದು. ನೂಲು ಹರಿದಲ್ಲಿ ತುದಿ ಹುಡುಕಿ ಗಂಟು ಹಾಕಬೇಕು, ಗಂಟಿನ ಬಾಲ ಕತ್ತರಿಸಬೇಕು. ಬಾಲ ಉದ್ದ ಉಳಿದರೆ ಮಗ್ಗದಲ್ಲಿ ಸಿಕ್ಕಿಕೊಂಡು ಲಡಿಗೆ ಕೆಟ್ಟ ಹೆಸರು. ಹಿಂದಿನವರಿಂದ ಬಂದ ಪದ್ಧತಿ, ಕತ್ತರಿಯೆಂದರೆ ಬಾಯಿಯೇ. ಆ ಕಾರ್ಖಾನೆಯ ಹಳೆಯ ಹೆಂಗಸರೆಲ್ಲರ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಗಂಗುಲಮ್ಮನ ಹಳೆಯ ಹಲ್ಲಿನಲ್ಲೂ ಇತ್ತು, ಅದು ಹಸುವಿನ ಪಾಲಾಯಿತು. ಉಸಿರಾಡುವುದನ್ನು ಯಾರೂ ಕೆಲಸ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ, ಹಾಗೆ ಇದೂ ಅವಳ ಲೆಕ್ಕದಲ್ಲಿ ಇರಲಿಲ್ಲ.

"ನಾನು ಗಟ್ಟಿ ಅಂತ ಕೇಳ್ದೆ, ನೀವು ಇಲ್ಲ ಅಂದ್ರಿ," ಎಂದಳು ಯಶೋಧರಾ. "ಇಬ್ಬರದೂ ಸುಳ್ಳಲ್ಲ. ನಾನು ಕೇಳಿದ್ದೇ ತಪ್ಪು."

ಕೂದಲಿಗಿಂತ ಸಣ್ಣ ನೂಲಿಗೆ ಎಂಥ ಭಾರ ಎಂದು ಗಂಗುಲಮ್ಮ ಕೇಳಿದಳು. ನೂಲಿಗಲ್ಲ, ನಿಮ್ಮ ಕೆಳಹಲ್ಲಿಗೆ ಎಂದಳು ಯಶೋಧರಾ. ಅಷ್ಟು ಸಣ್ಣದನ್ನು ಕಡಿಯಬೇಕಾದರೆ ಅಂಚಿಗೆ ಅಂಚು ತಾಗಿ ಉಜ್ಜಲೇಬೇಕು. ನೇರ ಒತ್ತಿದರೆ ಸ್ಕ್ರೂ ತಡೆಯುತ್ತದೆ, ಓರೆಯಾಗಿ ಪಕ್ಕಕ್ಕೆ ತಳ್ಳಿದರೆ ಗೂಟ ಕೂದಲೆಳೆಯಷ್ಟು ಕದಲುತ್ತದೆ. ಒಂದು ಸಲಕ್ಕೆ ಏನೂ ಆಗದು. ದಿನವಿಡೀ, ತಿಂಗಳೆಲ್ಲ ಅದನ್ನೇ ಮಾಡಿದರೆ ಬಿಗಿ ಸೋರಿಹೋಗುತ್ತದೆ. ಸ್ವಂತ ಹಲ್ಲಿನ ಬೇರಿನ ಸುತ್ತ ಮೆತ್ತೆಯಂಥ ಒಂದು ಪದರ ಇರುತ್ತದೆ, ಅದು ಒತ್ತಿದರೆ ಬಾಗುತ್ತದೆ, ನೋವಾದರೆ ಹೇಳುತ್ತದೆ. ಇದು ಮೂಳೆಗೇ ಕಚ್ಚಿಕೊಂಡದ್ದು. ಬಾಗುವುದೂ ಇಲ್ಲ, ಹೇಳುವುದೂ ಇಲ್ಲ.

ಯಶೋಧರಾ ಹಲ್ಲಿನ ಅಂಚನ್ನು ಒಂದಿಷ್ಟು ಸವರಿ ಕೆಳಹಲ್ಲು ಕಡಿಮೆ ತಾಗುವ ಹಾಗೆ ಮಾಡಿದಳು. ತನ್ನ ಕೈಲಾದದ್ದು ಇಷ್ಟು ಎಂದಳು. ಕೆಲಸ ಬದಲಾಯಿಸಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದಳು.

"ಕೆಲಸ ಬಿಡಲ್ಲ ತಾಯಿ," ಎಂದಳು ಗಂಗುಲಮ್ಮ. "ಹಲ್ಲೂ ಬಿಡಲ್ಲ."

ಹೇಳಿದಷ್ಟು ಸುಲಭವಿರಲಿಲ್ಲ. ಮಾರನೆಯ ದಿನ ಮೂಗು ಬಾಯಿ ಸೇರಿಸಿ ಬಟ್ಟೆ ಬಿಗಿದುಕೊಂಡು ರಾಟೆಯ ಮುಂದೆ ನಿಂತಳು. "ಏಮಮ್ಮಾ, ಕರೋನಾ ಮಳ್ಳಿ ವಚ್ಚಿಂದಾ?" ಎಂದು, ಕರೋನಾ ಮತ್ತೆ ಬಂತಾ ಅಂತ, ತೆಲುಗಿನಲ್ಲಿ ಕೆಣಕಿದಳು ಚಿಕ್ಕಮುನಿಯಮ್ಮ. ಸಂಜೆ ಬಟ್ಟೆ ಬಿಚ್ಚಿ ನೋಡಿದರೆ ಹಲ್ಲಿನ ನೇರಕ್ಕೆ ನೆನೆದು ತೂತು ಬಿದ್ದಿತ್ತು. ಬಟ್ಟೆಯ ಮೇಲಿಂದಲೇ ಕಡಿದಿದ್ದಳು. ಆಮೇಲೆ ಪುಟ್ಟ ಕತ್ತರಿಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡಳು. ಕತ್ತರಿ ಕೈಯಲ್ಲಿ ಹಿಡಿದೇ ನೂಲನ್ನು ಬಾಯಿಗೆ ಒಯ್ಯುವುದು, ಕಡಿದಾದ ಮೇಲೆ ಕತ್ತರಿಯನ್ನು ನೋಡುವುದು. ಡಾಬಿಗಿಂತ ಇದೇ ಚೆನ್ನಾಗಿದೆ, ನಿನ್ನ ಗಂಡನಿಗೆ ಹೇಳಿ ಬೆಳ್ಳಿಯಲ್ಲಿ ಮಾಡಿಸಿಕೋ ಎಂದಳು ಚಿಕ್ಕಮುನಿಯಮ್ಮ. ಗಂಗುಲಮ್ಮನಿಗೆ ನಗೆ ಬಂತು, ಅಳುವೂ ಬಂತು. ಕಡೆಗೆ ಮಕ್ಕಳಿಗೆ ಮೊಲೆ ಬಿಡಿಸುವ ಉಪಾಯಕ್ಕೆ ಕೈ ಹಾಕಿದಳು. ಬೇವಿನ ಸೊಪ್ಪು ಅರೆದು ಹಲ್ಲಿಗೆ ಮೆತ್ತಿಕೊಂಡಳು. ನಾಲಿಗೆ ಕಹಿಯಾಯಿತು, ಕೈ ಮಾತ್ರ ಕೇಳಲಿಲ್ಲ. ಮೇಲಾಗಿ ಬೆಳ್ಳಗಿನ ಲಡಿಯ ಮೇಲೆ ಅಲ್ಲಲ್ಲಿ ಹಸಿರು ಚುಕ್ಕೆ ಬಿತ್ತು.

ಅದು ಮೇಸ್ತ್ರಿ ಮುನೇಶನ ಕಣ್ಣಿಗೆ ಬಿತ್ತು. ಮುನೇಶ ಕೆಟ್ಟವನಲ್ಲ, ಆದರೆ ಲಡಿ ಕೆಟ್ಟರೆ ಮಾತು ಕೇಳಬೇಕಾದವನು ಅವನೇ. ಗಂಗುಲಮ್ಮನನ್ನು ಪಕ್ಕಕ್ಕೆ ಕರೆದು, ನಾಳೆಯಿಂದ ಅಂಗಳದಲ್ಲಿ ಕೆಟ್ಟ ಗೂಡು ಆರಿಸಿ ತೆಗೆಯಲು ಕೂತುಕೊಳ್ಳಿ, ನೆರಳಿದೆ, ಕೂತು ಮಾಡುವ ಕೆಲಸ ಎಂದ. ಗೂಡು ಆರಿಸುವುದು ಹೊಸಬರ ಕೆಲಸ, ಇಲ್ಲದಿದ್ದರೆ ಕೈಲಾಗದವರ ಕೆಲಸ. ಆ ಮಾತು ಅವಳಿಗೆ ಹಸುವಿನ ಏಟಿಗಿಂತ ಜೋರಾಗಿ ತಾಗಿತು. ಇವತ್ತೊಂದು ದಿನ ಇಲ್ಲೇ ಇರುತ್ತೇನೆ ಎಂದಷ್ಟೇ ಹೇಳಿ ರಾಟೆಗೆ ಮರಳಿದಳು.

ಮರುಸುತ್ತಿನ ಯಂತ್ರಕ್ಕೆ ಎರಡು ಮಗ್ಗುಲು. ಈ ಮಗ್ಗುಲಲ್ಲಿ ಗಂಗುಲಮ್ಮ, ಆ ಮಗ್ಗುಲಲ್ಲಿ ಮುಖಾಮುಖಿಯಾಗಿ ವರಲಕ್ಷ್ಮಿ ಎಂಬವಳು ನಿಲ್ಲುತ್ತಿದ್ದಳು. ಆಕೆ ಬಾಣಂತನಕ್ಕೆಂದು ತವರಿಗೆ ಹೋಗಿದ್ದರಿಂದ ಆ ಮಧ್ಯಾಹ್ನ ಚಿಕ್ಕಮುನಿಯಮ್ಮ ಅತ್ತ ಹೋಗಿ ಅಲ್ಲಿಯ ರಾಟೆಗಳನ್ನೂ ನೋಡಿಕೊಳ್ಳುತ್ತಿದ್ದಳು. ನುರಿತ ಕೈಯವಳು ಆ ಕಡೆ ಹೋಗುತ್ತಲೇ ತಡವರಿಸುತ್ತಿದ್ದುದನ್ನು ಗಂಗುಲಮ್ಮ ಕಂಡಳು. ಇತ್ತ ಕಡೆ ರಾಟೆ ನಿಲ್ಲಿಸುವ ಹಿಡಿ ಎಡಗೈಗೆ, ನೂಲು ಬಲಗೈಗೆ. ಅತ್ತ ಎಲ್ಲವೂ ತಿರುಗುಮುರುಗು. ಹಿಡಿ ಬಲಗೈಗೆ, ನೂಲು ಎಡಗೈಗೆ. ಚಿಕ್ಕಮುನಿಯಮ್ಮ ಗಂಟು ಹಾಕಲು ತೆಲುಗಿನಲ್ಲಿ ಬೈಯುತ್ತ ಒದ್ದಾಡುತ್ತಿದ್ದಳು, ಕಡಿಯುವುದಕ್ಕೆ ಮುಂಚೆ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದಳು.

ಆ ಒಂದು ಗಳಿಗೆಯೇ ಗಂಗುಲಮ್ಮನಿಗೆ ಬೇಕಾದದ್ದು. ಇಷ್ಟು ದಿನ ಬಾಯಿಯನ್ನು ಕಾಯುತ್ತಿದ್ದಳು. ದಾರಿ ಗೊತ್ತಿದ್ದದ್ದು ಬಾಯಿಗಲ್ಲ, ಬಲಗೈಗೆ. ನೂಲು ಎಡಗೈಗೆ ಬಂದರೆ ಆ ದಾರಿ ಅದಕ್ಕೆ ಗೊತ್ತಿರದು.

ಸೀದಾ ಮುನೇಶನ ಹತ್ತಿರ ಹೋಗಿ ವರಲಕ್ಷ್ಮಿಯ ಜಾಗ ಕೊಡು ಎಂದಳು. ಅವನಿಗೆ ತಲೆಬುಡ ತಿಳಿಯಲಿಲ್ಲ.

"ಗಂಗುಲಕ್ಕ, ಆ ಕಡೆ ಕೈ ನಿಮಗೆ ಬರಲ್ಲ."

"ಬರಲ್ಲ ಅಂತಾನೇ ಕಣಪ್ಪ ಕೇಳ್ತಿರೋದು."

ವರಲಕ್ಷ್ಮಿ ತಿರುಗಿ ಬರುವವರೆಗೆ ಅಲ್ಲಿರಿ, ಅಷ್ಟರಲ್ಲಿ ಬೇರೆಯವರ ಸಮಕ್ಕೆ ಲಡಿ ಇಳಿಸದಿದ್ದರೆ ಅಂಗಳಕ್ಕೆ ಎಂದು ಮುನೇಶ ಒಪ್ಪಿದ. ಗಂಗುಲಮ್ಮ ಒಪ್ಪಿದಳು.

ಮದುವೆಯಾದ ಹೊಸದರಲ್ಲಿ ಕಲಿತ ಕೆಲಸವನ್ನು ಮೊಮ್ಮಕ್ಕಳು ಕಂಡ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿಯುವುದು ಎಂಥ ಹಿಂಸೆ ಎಂಬುದು ಅನುಭವಿಸಿದವರಿಗೇ ಗೊತ್ತು. ಎಡಗೈಗೆ ನೂಲು ಸಿಕ್ಕರೆ ಗಂಟು ಸಿಗದು, ಗಂಟು ಸಿಕ್ಕರೆ ರಾಟೆ ನಿಲ್ಲದು. ಅವಳ ಕಣ್ಣೆದುರಿಗೇ ಹೊಸ ಹೆಂಗಸರು ಲಡಿ ಇಳಿಸಿಕೊಂಡು ಹೋಗುತ್ತಿದ್ದರು. ಕತ್ತರಿಯನ್ನು ಬಲಗೈಯ ಬೆರಳಿಗೇ ದಾರದಿಂದ ಕಟ್ಟಿಕೊಂಡಳು, ಗಂಟನ್ನು ಎದೆಮಟ್ಟಕ್ಕೆ ಎತ್ತದೆ ಹೊಟ್ಟೆಯ ಮಟ್ಟದಲ್ಲೇ ಹಾಕುವುದನ್ನು ಅಭ್ಯಾಸ ಮಾಡಿಕೊಂಡಳು. ಸಂಜೆ ಮನೆಗೆ ಬಂದು ಮಂಚದ ಕಾಲಿಗೆ ಹೊಲಿಗೆ ದಾರ ಕಟ್ಟಿ ಅದೇ ಪಾಠ. ಮಂಚಕ್ಕೆ ಏನು ಮದುವೆಯಾ, ಇಷ್ಟೊಂದು ಗಂಟು ಹಾಕಿದ್ದೀಯ ಎಂದು ರೇಗಿಸಿದ ವೆಂಕಟರಾಮಪ್ಪ, ಕೆಲವು ದಿನ ಕಳೆದ ಮೇಲೆ ತಾನೇ ಎದುರಿಗೆ ಕೂತು ದಾರ ಹರಿದು ಹರಿದು ಕೊಡತೊಡಗಿದ. ಅವಳ ಕೈ ಮೇಲಕ್ಕೆ ಹೊರಟರೆ ಸಾಕು, ಹಸುವನ್ನು ಗದರುವ ಹಾಗೆ ಹ್ಞೂಂ ಎನ್ನುತ್ತಿದ್ದ.

ಒಮ್ಮೊಮ್ಮೆ ತಪ್ಪುತ್ತಿತ್ತು. ಕೈ ಗದ್ದದ ತನಕ ಬಂದಮೇಲೆ ಎಚ್ಚರಾಗುತ್ತಿತ್ತು. ಆಗ ಅವಳು ಆ ಗಂಟನ್ನು ಬಿಚ್ಚಿ ಹೊಸದಾಗಿ ಹಾಕುತ್ತಿದ್ದಳು, ಎಷ್ಟೇ ಹೊತ್ತಾದರೂ ಸರಿ. ಚಿಕ್ಕಮುನಿಯಮ್ಮನ ಕೊಂಕು ನಿಂತಿರಲಿಲ್ಲ. ಆದರೆ ಗಂಗುಲಮ್ಮನ ಲಡಿ ಹಿಂದೆ ಬಿದ್ದಾಗ ಯಾರಾದರೂ ಕಿಸಕ್ಕೆಂದರೆ ಅವರ ಮೇಲೂ ಅದೇ ನಾಲಿಗೆ ಹರಿಯುತ್ತಿತ್ತು.

ವರಲಕ್ಷ್ಮಿ ಬರುವ ದಿನ ಹತ್ತಿರವಾದಾಗ ಒಂದು ಬೆಳಿಗ್ಗೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂತು. ಯಂತ್ರ ಜಗ್ಗಿ ಜಗ್ಗಿ ತಿರುಗಿ, ಎರಡೂ ಮಗ್ಗುಲಿನ ನೂಲುಗಳು ಒಟ್ಟಿಗೇ ಹರಿದುಬಿದ್ದವು. ಮಧ್ಯಾಹ್ನ ಮಾರುಕಟ್ಟೆಗೆ ಹೋಗಬೇಕಾದ ಮಾಲು ಅದು. ಮುನೇಶ ಅತ್ತಿಂದಿತ್ತ ಓಡಾಡುತ್ತಿದ್ದ. ಇಂಥ ಗಡಿಬಿಡಿಯಲ್ಲಿ ಬುದ್ಧಿ ಹಿಂದೆ ಸರಿದು ಕೈ ಮುಂದೆ ಬರುತ್ತದೆ, ಹಳೆಯ ಚಾಳಿ ಹೆಡೆ ಎತ್ತುವುದು ಆಗಲೇ. ಗಂಗುಲಮ್ಮ ಹಲ್ಲಿನ ಯೋಚನೆ ಮಾಡಲಿಲ್ಲ. ಮಾಡಲು ಪುರಸೊತ್ತೂ ಇರಲಿಲ್ಲ. ತುದಿ ಹುಡುಕಿದಳು, ಗಂಟು ಹಾಕಿದಳು, ಕತ್ತರಿಸಿದಳು, ಹಿಡಿ ಬಿಟ್ಟಳು, ಪಕ್ಕದ ರಾಟೆಗೆ ಸರಿದಳು. ಸಾಲಿನ ಕೊನೆಯ ರಾಟೆ ತಿರುಗತೊಡಗಿದಾಗ ತಲೆ ಎತ್ತಿದರೆ, ಅವಳ ಹಳೆಯ ಮಗ್ಗುಲಿನಲ್ಲಿದ್ದವರು ಇನ್ನೂ ಗಂಟು ಹಾಕುತ್ತಿದ್ದರು. ಕಾಲ ಹತ್ತಿರ ನೆಲದ ಮೇಲೆ ಕತ್ತರಿಸಿದ ನೂಲಿನ ಬಾಲಗಳು ಹತ್ತಿಯ ಎಳೆಯಂತೆ ಉದುರಿಬಿದ್ದಿದ್ದವು. ಬಾಯಲ್ಲಿ ಕಡಿದದ್ದಾಗಿದ್ದರೆ ಅವು ತುಟಿಗೆ ಅಂಟಿರಬೇಕಿತ್ತು. ತುಟಿ ಮುಟ್ಟಿ ನೋಡಿಕೊಂಡಳು. ಏನೂ ಇರಲಿಲ್ಲ.

ಸಂಕ್ರಾಂತಿ ಕಳೆದು ಚಿಕ್ಕಬಳ್ಳಾಪುರಕ್ಕೆ ಹೋದಳು. ಯಶೋಧರಾ ಹಲ್ಲನ್ನು ಬೆರಳಿನಿಂದ ಅಲುಗಾಡಿಸಿ ನೋಡಿದಳು, ಫೋಟೋ ತೆಗೆದಳು. ಬೇರಿಗೂ ಗೂಟಕ್ಕೂ ನಡುವೆ ಸಂದಿ ಕಾಣಲಿಲ್ಲ. ಆದರೂ ಖಾತ್ರಿ ಮಾಡಿಕೊಳ್ಳಲು ಹಿಂಬದಿಯ ತೂತು ಬಿಡಿಸಿ ಸ್ಪ್ಯಾನರು ಇಟ್ಟಳು. ಹಿಂದಿನ ಎರಡು ಸಲವೂ ಸ್ಪ್ಯಾನರಿನ ಹಿಡಿ ಸುಮ್ಮನೆ ಸುತ್ತಿ ಬಂದಿತ್ತು. ಈ ಸಲ ಗುರುತಿನವರೆಗೆ ಒತ್ತಿದರೂ ಸ್ಕ್ರೂ ಒಂದೆಳೆಯೂ ತಿರುಗಲಿಲ್ಲ.

"ಇಟ್ಟ ಜಾಗದಲ್ಲೇ ಇದೆ ಅಮ್ಮಾ," ಎಂದಳು ಯಶೋಧರಾ. ಆಮೇಲೆ, ರೇಷ್ಮೆ ಕಡೆಯವರು ಬಂದರೆ ಇನ್ನು ಮೇಲೆ ನೂಲಿನ ವಿಷಯವನ್ನೇ ಮೊದಲು ಕೇಳುತ್ತೇನೆ ಎಂದಳು. ಹುಷಾರು ತಪ್ಪಬೇಡಿ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದು ಎಚ್ಚರಿಕೆಯನ್ನೂ ಕೊಟ್ಟಳು. ಗಂಗುಲಮ್ಮ ಕುರ್ಚಿಯಿಂದ ಇಳಿದು, ಮಧ್ಯಾಹ್ನದ ಪಾಳಿಗೆ ತಡವಾಗುತ್ತದೆ ಎಂದು ಚೀಲ ಎತ್ತಿಕೊಂಡು ಹೊರಟಳು.

ಫಿಲೇಚರ್‌ನಲ್ಲಿ ವರಲಕ್ಷ್ಮಿ ಕೂಸನ್ನು ಅತ್ತೆಯ ಮಡಿಲಿಗೆ ಬಿಟ್ಟು ಕೆಲಸಕ್ಕೆ ಮರಳಿದ್ದಳು. ಮುನೇಶ ಬಾಗಿಲಲ್ಲೇ ಸಿಕ್ಕಿದ. ಅಂಗಳದ ಮಾತು ಅವನು ಎತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ. ಅವಳ ಲಡಿ ಈಗ ಯಾರದಕ್ಕೂ ಕಡಿಮೆ ಇರಲಿಲ್ಲ. ನಿಮ್ಮ ಹಳೇ ಜಾಗ ಖಾಲಿ ಮಾಡಿಸಿದ್ದೀನಿ, ಅಲ್ಲಿಗೇ ಬನ್ನಿ, ಅದು ನಿಮ್ಮ ಕೈಗೆ ಪಳಗಿದ ಜಾಗ ಎಂದ. ಅವನು ಗೌರವದಿಂದಲೇ ಹೇಳಿದ್ದು.

ಗಂಗುಲಮ್ಮ ಆ ಜಾಗವನ್ನು ಒಂದು ಗಳಿಗೆ ನೋಡಿದಳು. ಅಲ್ಲಿ ನೆಲ ಅವಳ ಹಿಮ್ಮಡಿಗೆ ಸವೆದು ನುಣ್ಣಗಾಗಿತ್ತು.

"ಬೇಡ ಕಣಪ್ಪ," ಎಂದಳು. "ಅಲ್ಲಿ ನನ್ನ ಬಲಗೈ ನನಗಿಂತ ಮುಂಚೆ ಬಂದು ನಿಂತಿರುತ್ತೆ. ವರಲಕ್ಷ್ಮಿಗೆ ಇನ್ನೂ ಚಿಕ್ಕ ವಯಸ್ಸು, ಯಾವ ಕಡೆ ಬೇಕಾದ್ರೂ ಕಲೀತಾಳೆ. ಆ ಕಡೆ ನಾನಿರ್ತೀನಿ."

ಮುನೇಶ ವರಲಕ್ಷ್ಮಿಯ ಮುಖ ನೋಡಿದ, ಅವಳು ಆಗಲಿ ಎಂದು ತಲೆಯಾಡಿಸಿದಳು. ಗಂಗುಲಮ್ಮ ಯಂತ್ರವನ್ನು ಸುತ್ತಿಕೊಂಡು ಆಚೆ ಮಗ್ಗುಲಿಗೆ ಹೋದಳು. ಮೊದಲನೆಯ ರಾಟೆಯಲ್ಲಿ ನೂಲು ಹರಿದು ತುದಿ ಗಾಳಿಗೆ ಆಡುತ್ತಿತ್ತು. ಬಲಗೈಯಿಂದ ಹಿಡಿ ಎಳೆದು ರಾಟೆ ನಿಲ್ಲಿಸಿ, ಎಡಗೈ ಚಾಚಿ ಅದನ್ನು ಹಿಡಿದಳು.